ಒತ್ತಕ್ಷರದವರೆಗೆ ಬಂದಿಲ್ಲ

…ನಗಬೇಡ ಇಂದೂ, ನಿಜವಾಗ್ಲೂ ನಂಬಿದ್ರು! ಪಕ್ಕದ ಬೀದಿ ವತ್ಸಲಾ ಅವರಂತೂ, "ಭಾವೂಜಿ, ನೀವೂ ಹೋಗಿದ್ರಾ ಇಂಗ್ಲೆಂಡಿಗೆ?" ಅಂತ ಬಾಯಿ ಬಿಟ್ಕೊಂಡು ಕೂತ್ರು. ಮತ್ತೇನು ಅಂದೆ! ಹೆಂಡ್ತಿ ಪಾಚಿ ಮೇಲೆ ಸಂಶೋಧನೆ ಮಾಡೋಕೆ ಹದಿನೈದು ದಿನ ಹೋದ್ರೆ, ಚೀಲ ಹೊರೋಕೆ ಗಂಡ ಬೇಡ್ವಾ? ನಾನಿಲ್ಲಿ ಬುಟಿಬೋರಿ ಫ್ಯಾಕ್ಟರಿಯಲ್ಲಿ ಶಿಫ್ಟ್ ಮಾಡ್ತಿದ್ದೆ ಅಂತ ಅವರಿಗೇನು ಗೊತ್ತು!

ಬರೋಬರ್ ವರ್ಣಿಸಿದೆ. ಮೂವತ್ತೇ ಮನೆ ಇರೋ ಹಳ್ಳಿ. ಒಂದು ಚರ್ಚು, ಅದರ ಗಡಿಯಾರ ಯಾವಾಗ್ಲೂ ಹತ್ತು ನಿಮಿಷ ಹಿಂದೆ. ಊರು ಮುಗಿದ ಕೂಡ್ಲೇ ಕಾಡು, ನೆಲದ ತುಂಬಾ ನೀಲಿ ಹೂವು… ನಿನ್ನ ಜೊತೆ ಬಂದಿದ್ದ ಆ ಮಧುಸೂದನನ್ನ ಮಾತ್ರ ಕಥೆಯಿಂದ ತೆಗೆದುಹಾಕ್ದೆ. ಹೊಟ್ಟೆಕಿಚ್ಚಾ? ನನಗಾ? ಛೆ! ಸಹೋದ್ಯೋಗಿ, ಒಳ್ಳೆಯವನು, ಈ ವಯಸ್ಸಲ್ಲೂ ತಲೆ ತುಂಬಾ ಕೂದಲಿದೆ… ಇರಲಿ ಪಾಪ. ಅವನ ಜಾಗದಲ್ಲಿ ನಾನು ನಿಂತೆ, ಅಷ್ಟೇ. ಮಳೆ ಬಂತು, ಇಬ್ರೂ ಒಂದೇ ಕೊಡೆಯಲ್ಲಿ ಓಕ್ ಮರದ ಕೆಳಗೆ, ಒಂದೇ ಲೋಟದಲ್ಲಿ ಚಹಾ…

ಏನು? ಕೊಡೆ ವಿಷಯ ಯಾರು ಹೇಳಿದ್ರು ಅಂತಾನಾ? ನೀನೇ… ಫೋನಲ್ಲಿ. ಹೇಳಿಲ್ವಾ? ಹಾಗಾದ್ರೆ ಫೋಟೋದಲ್ಲಿ… ಹಾಗೆ ನೋಡಬೇಡ ಮಾರಾಯ್ತಿ.

ಸರಿ. ನಿನ್ನ ನೋಟ್‌ಬುಕ್ಕು. ನಾಗಪುರದಲ್ಲೇ ಹುಟ್ಟಿ ಮರಾಠಿ ಶಾಲೆಗೆ ಹೋದ ಗಂಡ, ಕನ್ನಡ ಮಾತಾಡ್ತಾನೆ, ಓದೋಕೆ ಬರಲ್ಲ ಅಂತ ತಾನೆ ಮೇಜಿನ ಮೇಲೇ ಬಿಟ್ಟಿರ್ತೀಯ? ಕಲಿತೆ! ಐವತ್ತೆರಡನೇ ವಯಸ್ಸಲ್ಲಿ, ಫ್ಯಾಕ್ಟರಿ ಬಸ್ಸಲ್ಲಿ ಕೂತು, ಒಂದು ತಿಂಗಳು ಅ ಆ ಇ ಈ ತಿದ್ದಿದೆ. ಪಕ್ಕದ ಸೀಟಿನವನಿಗೆ ಮಂತ್ರದ ಪುಸ್ತಕ ಅಂತ ಹೇಳಿದ್ದೆ! …ನಗು ಬರ್ಲಿಲ್ವಾ?

'ಮಧುಸೂದನ'. ಹೆಸರಲ್ಲಿ ಒಂದು ಒತ್ತೂ ಇಲ್ಲ, ಸರಾಗ ಓದ್ಬಿಟ್ಟೆ. 'ಕೈ ಹಿಡಿದು'. ಅದೂ ಸಲೀಸು. ಆಮೇಲಿಂದು… ಶುರುವಿಗೆ ಮ, ಅದರ ಗುಣಿತ ಮಳೆಹನಿಗೆ ಕಲಸಿಹೋಗಿದೆ, ಮುಂದೆ ಒತ್ತಕ್ಷರ. ನಾನು ಒತ್ತಕ್ಷರದವರೆಗೆ ಇನ್ನೂ ಬಂದಿಲ್ಲ ಕಣೇ! ಕಾಡಿನ ಬೇಲಿ ದಾಟೋಕೆ ಮರದ ಮೆಟ್ಟಿಲು ಇತ್ತಲ್ಲ, ಅದನ್ನ ಹತ್ತಿಸಿರ್ಬೇಕು ಅಂದ್ಕೊಂಡೆ. ಆದ್ರೆ… ಮುತ್ತು ಅನ್ನೋದೂ ಮ ಇಂದಾನೇ ಅಲ್ವಾ? ಹತ್ತು ದಿನ ಆಯ್ತು ಇಂದೂ, ಅದೇ ಸಾಲಲ್ಲಿ ನಿಂತಿದ್ದೀನಿ.

ತಗೋ, ನೀನೇ ಓದು. ಒಂದೇ ಶಬ್ದ. …ಪುಸ್ತಕ ಯಾಕೆ ಮುಚ್ಚಿದೆ?

ಮೆಟ್ಟಿಲು ಅಂತ ಸುಳ್ಳಾದ್ರೂ ಹೇಳೇ.