ಬಾನೆಟ್ಟಿಗೆ ಕಿವಿಯಿಟ್ಟವನು

ಕಣ್ಣಾಸ್ಪತ್ರೆಯ ಬೆಂಚಿನಲ್ಲಿ ಸರದಿಗೆ ಕಾಯುತ್ತಿದ್ದ ಮೆಕ್ಯಾನಿಕ್‌ಗೆ ಪರಿಚಿತ ದನಿಯೊಂದು ಕೇಳಿಸಿತು; ತಲೆಯೆತ್ತಿದ. ಎದುರು ಬೆಂಚಿನಲ್ಲಿ ಅವನ ಹಳೇ ಗಿರಾಕಿ ಮೇಷ್ಟ್ರು, ಕಣ್ಣಿಗೆ ಔಷಧಿ ಬಿಡಿಸಿಕೊಂಡು ರೆಪ್ಪೆ ಮುಚ್ಚಿ ಕೂತಿದ್ದರು. ಪಕ್ಕದಲ್ಲಿ ಅವರ ಮಗಳು. ಅವಳು ಇವನನ್ನು ಕಂಡವಳಲ್ಲ.

“ಎರಡೇ ಸೀಟಿನ ಸ್ಪೋರ್ಟ್ಸ್ ಕಾರು, ಅದೂ ಸೆಕೆಂಡ್ ಹ್ಯಾಂಡು. ಈ ವಯಸ್ಸಲ್ಲಿ ಬೇಕಾ ಅಪ್ಪ?”

“ಮೂವತ್ತು ವರ್ಷ ಸ್ಕೂಟರ್ ಓಡಿಸಿದೀನಮ್ಮ. ಒಂದಾಸೆ, ಅಷ್ಟೇ.”

“ಹಾಗಾದ್ರೆ ನೋಡಿದ ಎರಡು ಕಾರಲ್ಲಿ ದೊಡ್ಡ ಇಂಜಿನ್ ಇರೋದೇ ತಗೋ. ಅದಕ್ಕೆ ಶೋರೂಮಿನವರು ಗ್ಯಾರಂಟಿ ಕೊಡ್ತಾರಲ್ಲ.”

“ಹಗುರ ಗಾಡಿಗೆ ಚಿಕ್ಕ ಇಂಜಿನ್ನೇ ಚೆಂದ. ಮೂತಿ ಭಾರ ಇರಲ್ಲ, ತಿರುವಲ್ಲಿ ಹೇಳಿದ ಮಾತು ಕೇಳುತ್ತೆ.”

“ಒಳಗೆ ಹೇಗಿದೆಯೋ ಯಾರಿಗೆ ಗೊತ್ತು?”

“ನಮ್ಮ ಮೆಕ್ಯಾನಿಕ್ ನೋಡಿದಾನೆ. ಬಾನೆಟ್ ಎತ್ತಿ, ಕಿವಿಯಿಟ್ಟು ಕೇಳಿದ್ನಂತೆ. ಗಡಿಯಾರದ ಹಾಗಿದೆ ಅಂದ.”

“ಅವರು ಸುಳ್ಳು ಹೇಳಿದ್ರೆ?”

“ಛೇ! ಬೇರೆ ಯಾರಾದ್ರೂ ಹೇಳಬಹುದು. ಅವನು ಹೇಳಲ್ಲ.”

ಮೆಕ್ಯಾನಿಕ್ ತಲೆ ತಗ್ಗಿಸಿದ. ಆ ಚಿಕ್ಕ ಇಂಜಿನ್ನಿನ ಕಾರು ಅವನ ಭಾಮೈದನದು. ಹೆಂಡತಿಯ ಒತ್ತಾಯಕ್ಕೆ ಮೇಷ್ಟ್ರಿಗೆ ಫೋನಿನಲ್ಲಿ ಹಾಗೆ ಹೇಳಿಬಿಟ್ಟಿದ್ದ. ಬಾನೆಟ್ ಎತ್ತಿಯೇ ಇರಲಿಲ್ಲ. ಗಂಟಲು ಕೆರೆಯಿತು. ಕೆಮ್ಮಿದರೆ ಮೇಷ್ಟ್ರು ಗುರುತು ಹಿಡಿದಾರೆಂದು ಅದನ್ನೂ ನುಂಗಿಕೊಂಡ.

ನರ್ಸ್ ಕರೆದಳು. ಮಗಳು ಕೈಹಿಡಿದು ಎಬ್ಬಿಸಿದಳು. ಎರಡು ಹೆಜ್ಜೆ ಇಡುವಷ್ಟರಲ್ಲಿ ಮೇಷ್ಟ್ರು ಅವನ ಕಾಲು ತಗುಲಿ ಮುಗ್ಗರಿಸಿದರು.

“ಕ್ಷಮಿಸಿ ಸ್ವಾಮಿ, ತಪ್ಪು ನಂದೇ,” ಎಂದು ಅವನ ಭುಜ ಸವರಿ ಒಳಗೆ ಹೋದರು.