ಮೂರನೆಯ ಎಲೆ

ಲೈಟ್ ಆರಿಸು ನೌಶಾದ್... ಹಾಂ, ಸಾಕು. ಎಸಿಯ ಸದ್ದು ಇರಲಿ. ಈ ರೂಮಿನಲ್ಲಿ ಆರು ಜನ ಮಲಗುತ್ತೇವೆ, ಆದರೂ ನೀನು ಮಾತ್ರ ಬಾಗಿಲಿಗೆ ಬೆನ್ನು ಹಾಕಿ ಮಲಗುವುದಿಲ್ಲ, ಯಾಕೆ ಲತೇಶ ಅಂತ ಕೇಳಿದೆಯಲ್ಲ. ಹೇಳುತ್ತೇನೆ. ನಗುವುದಾದರೆ ಈಗಲೇ ನಕ್ಕು ಮುಗಿಸು. ಆಮೇಲೆ ನಗು ಬರುವುದಿಲ್ಲ.

ಎರಡು ಸಾವಿರದ ಹದಿನಾರನೇ ಇಸವಿ. ದೀಪಾವಳಿಯ ಅಮಾವಾಸ್ಯೆ. ದುಬೈಯ ನೈಫಿನಲ್ಲಿ ಅಂಗಡಿ ಮುಚ್ಚಿ ಹೊರಡುವಾಗಲೇ ತಡವಾಗಿತ್ತು. ಜೆಬೆಲ್ ಅಲಿಯ ಸಮುದ್ರದ ಬದಿಯಲ್ಲಿ ಡಾಮರು ಮುಗಿಯುವಲ್ಲಿ ಟ್ಯಾಕ್ಸಿಯವ ನನ್ನನ್ನು ಇಳಿಸಿದ. ಹೊಯಿಗೆಯಲ್ಲಿ ಗಾಡಿ ಹೂತುಹೋಗುತ್ತದೆ, ಖಲಾಸ್, ಮುಂದೆ ನಡೆ ಎಂದ. ನಡೆದೆ. ದಾರಿಯಲ್ಲಿ ಒಂದೇ ಒಂದು ಗಾಫ್ ಮರ. ಅದರ ಮುಳ್ಳಿಗೆ ಸಿಕ್ಕಿದ ಪ್ಲಾಸ್ಟಿಕ್ ಚೀಲ ಪರ... ಪರ... ಅನ್ನುತ್ತಿತ್ತು. ಬೇರೆ ಸದ್ದಿಲ್ಲ. ಹೊಯಿಗೆಯಲ್ಲಿ ನನ್ನ ಕಾಲಿನ ಸದ್ದೇ ನನಗೆ ಕೇಳುವುದಿಲ್ಲ. ಅದೇ ಹೆದರಿಕೆ ಮಾರಾಯ. ಹಿಂದೆ ಯಾರು ಬಂದರೂ ಗೊತ್ತಾಗುವುದಿಲ್ಲವಲ್ಲ.

ಮರ ದಾಟಿದ ಮೇಲೆ ವ್ಯಾನು ಕಂಡಿತು. ನನ್ನ ದೊಡ್ಡಪ್ಪನ ಮಗ ಗುಣಪಾಲಣ್ಣನದು, ಹಬ್ಬದ ಊಟಕ್ಕೆ ಕರೆದಿದ್ದ. ವ್ಯಾನು ಅಂದರೆ ಬರೀ ವ್ಯಾನಲ್ಲ. ಒಳಗೆ ಒಲೆ, ಮಂಚ, ಪಾಯಿಖಾನೆ, ಊಟದ ಮೇಜು, ಎರಡು ಬದಿಗೆ ಬೆಂಚು. ಚಕ್ರದ ಮೇಲಿನ ಮನೆ. ಅಣ್ಣನಿಗೂ ವಾರಿಜಾಕ್ಷಿ ಅತ್ತಿಗೆಗೂ ಮಕ್ಕಳಿಲ್ಲ, ತಿರುಗುವುದೇ ಹುಚ್ಚು. ಹಿಂದಿನ ವರ್ಷ ಎರಡು ತಿಂಗಳ ರಜೆ ಸೇರಿಸಿ ಸ್ಪೇನಿಗೆ ಹೋದರು. ಅಲ್ಲಿ ಇದನ್ನು ಕಡಿಮೆಗೆ ಕೊಂಡರು. ಮೊದಲ ದಿನವೇ ಅತ್ತಿಗೆ ಆ ಪುಟ್ಟ ಒಲೆಯಲ್ಲಿ ಹಾಲು ಉಕ್ಕಿಸಿ ಗೃಹಪ್ರವೇಶ ಮಾಡಿದಳಂತೆ. ಪಕ್ಕದ ಗಾಡಿಯ ಬಿಳಿಯರು ಹಾಲು ಚೆಲ್ಲಿತು ಅಂತ ಒರೆಸುವ ಬಟ್ಟೆ ತಂದುಕೊಟ್ಟರಂತೆ. ಊರೂರು ತಿರುಗಿ, ಸಮುದ್ರ ಕಂಡಲ್ಲಿ ನಿಲ್ಲಿಸಿ, ಗಂಜಿ ಉಪ್ಪಿನಕಾಯಿ ಉಂಡು, ಕೊನೆಗೆ ಹಡಗಿಗೆ ಹಾಕಿ ಜೆಬೆಲ್ ಅಲಿಗೆ ತಂದರು. ಅಣ್ಣನ ಕೆಲಸವೇ ಬಂದರಿನಲ್ಲಿ ಸಾಮಾನು ಬಿಡಿಸುವುದು.

ಮಾರಿದವನು ಹೇಳಿದ್ದು ಇಷ್ಟೇ. ಗಾಡಿ ಅವನ ಅಣ್ಣ ಅತ್ತಿಗೆಯದು. ಅವರು ಏಳು ವರ್ಷ ಇದರಲ್ಲೇ ಬದುಕಿದ್ದರು. ಈಗ ಇಬ್ಬರೂ ಇಲ್ಲ. ಹೇಗೆ ಹೋದರು ಅಂತ ಗುಣಪಾಲಣ್ಣ ಕೇಳಲಿಲ್ಲ. ಎಂತ ಮರ್ಯಾದೆ ನೋಡು. ಮೇಜಿನ ಕೆಳಗೆ ಮಾತ್ರ ಹೊಸ ಮ್ಯಾಟ್ ಯಾಕೆ ಅಂತಲೂ ಕೇಳಲಿಲ್ಲ. ತಟ್ಟೆ, ಚಮಚ, ಕೆಂಪು ಹಿಡಿಯ ನಾಲ್ಕು ಫೋರ್ಕ್, ಎಲ್ಲ ಅವರದೇ, ಗಾಡಿಯ ಜೊತೆಗೇ ಬಂದದ್ದು.

ನಾನು ತಲುಪುವಾಗ ಇಬ್ಬರೂ ಹೊರಗೆ ಮಡಚುವ ಕುರ್ಚಿಯಲ್ಲಿ ಕತ್ತಲಲ್ಲಿ ಕೂತಿದ್ದರು. ಬಾಗಿಲು ಹಾಕಿತ್ತು. ಕಿಟಕಿಯಲ್ಲಿ ದೀಪದ ಸಣ್ಣ ಬೆಳಕು.

"ಶ್... ಬಡಿಸಿ ಆಯಿತು," ಅಂದಳು ಅತ್ತಿಗೆ.

ನಮ್ಮಲ್ಲಿ ಪರ್ಬದ ದಿನ, ಅಂದರೆ ದೀಪಾವಳಿಗೆ, ಸತ್ತವರಿಗೆ ಬಡಿಸುವುದುಂಟು. ನಿಮ್ಮಲ್ಲಿ ಇಲ್ಲ ನೌಶಾದ್, ಕೇಳು. ಕುಡಿಬಾಳೆ ಎಲೆ ಹಾಕಿ ಕುಚ್ಚಲಕ್ಕಿ ಅನ್ನ, ಕೋಳಿ ಪದಾರ್ಥ, ಹುರಿದ ಮೀನು, ಒಂದು ಗ್ಲಾಸು ಬ್ರಾಂಡಿ ಇಟ್ಟು, ಕರೆದು, ಬಾಗಿಲು ಹಾಕಿ ಹೊರಗೆ ಕೂರಬೇಕು. ಅವರು ಉಣ್ಣುವಾಗ ಇಣುಕಬಾರದು. ಸ್ವಲ್ಪ ಹೊತ್ತಿನ ಮೇಲೆ ಕೆಮ್ಮಿ, ಮೂರು ಸಲ ಬಾಗಿಲು ತಟ್ಟಿ, ಆಮೇಲೆ ಒಳಗೆ ಹೋಗಿ ಎಲೆ ಮಡಚಬೇಕು. ಎಲೆ ಮಡಚಿದರೆ ಊಟ ಮುಗಿಯಿತು, ಇನ್ನು ಏಳಿ ಅಂತ ಅರ್ಥ.

ಅಣ್ಣ ಎರಡು ಎಲೆ ಹಾಕಿದ್ದ. ಒಂದು ದೊಡ್ಡಪ್ಪನಿಗೆ, ಒಂದು ದೊಡ್ಡಮ್ಮನಿಗೆ.

"ಎಂತ ಹೇಳಿ ಕರೆದೆ?" ಅಂತ ಸುಮ್ಮನೆ ಕೇಳಿದೆ.

"ಅಮ್ಮ ಹೇಳುತ್ತಿದ್ದದ್ದೇ. ಈ ಮನೆಯಲ್ಲಿ ಜೀವ ಬಿಟ್ಟವರೆಲ್ಲ ಬನ್ನಿ, ಉಣ್ಣಿ ಅಂತ."

ಊರಿನ ಮನೆಯಲ್ಲಿ ಆ ಮಾತು ಸರಿ. ಅಲ್ಲಿ ಜೀವ ಬಿಟ್ಟವರೆಲ್ಲ ನಮ್ಮವರೇ. ಇದು ಯಾರ ಮನೆ?

ಅತ್ತಿಗೆ ಅಣ್ಣನ ಕೈ ಹಿಡಿದಳು. "ಹೆಸರು ಹೇಳಲಿಲ್ಲವಾ ನೀವು?"

ಅವನು ಇಲ್ಲ ಅಂತ ತಲೆ ಆಡಿಸಿ ಬಾಗಿಲಿನ ಕಡೆ ನೋಡಿದ.

ಒಳಗೆ ಬೆಂಚು ಕಿರ್ರ್... ಅಂದಿತು. ಭಾರದವರು ಕೂತ ಹಾಗೆ. ಆಮೇಲೆ ಇನ್ನೊಂದು ಬದಿಯದು, ಸಣ್ಣಗೆ. ಆಮೇಲೆ ಡ್ರಾಯರ್ ಎಳೆದ ಸದ್ದು. ಟಿಣ್... ಗ್ಲಾಸಿಗೆ ಏನೋ ತಾಗಿತು. ಎಲುಬು ಕಡಿಯುವ ಸದ್ದು, ಕಟ್... ಕಟ್... ಬಹಳ ಹೊತ್ತು. ಹಸಿದವರ ಹಾಗೆ. ಒಂದು ಗಂಡು ಸ್ವರ, ಗಂಟಲಲ್ಲೇ. ಯಾವ ಭಾಷೆ ಅಂತ ಗೊತ್ತಾಗಲಿಲ್ಲ. ಒಂದು ಹೆಣ್ಣು ಸ್ವರ ಏನೋ ಬೇಡುವ ಹಾಗೆ.

ಫಟಾರ್.

ಕೆನ್ನೆಗೆ ಬಿದ್ದ ಪೆಟ್ಟು ಅದು. ಬಾಗಿಲು ಬಡಿದದ್ದಲ್ಲ, ಪಾತ್ರೆ ಬಿದ್ದದ್ದಲ್ಲ. ಆ ಸದ್ದು ಯಾರಿಗಾದರೂ ಗೊತ್ತು. ಮತ್ತೊಂದು. ಮತ್ತೊಂದು. ತಲೆ ಮೇಜಿಗೆ ಧಡ್ ಅಂತ ತಾಗಿತು. ಗಾಡಿ ಇಡೀ ಅಲ್ಲಾಡಿತು. ಹೆಂಗಸು ಕಿರುಚಲಿಲ್ಲ, ನೋಡು... ಅಭ್ಯಾಸವಾದವರ ಹಾಗೆ ಬರೀ ಉಸಿರು ಎಳೆಯುತ್ತಿದ್ದಳು.

"ಹೋಗುವಾ," ಅಂದೆ ನಾನು. ನನ್ನ ಧೈರ್ಯ ಅಷ್ಟೇ.

ಅತ್ತಿಗೆ ಎದ್ದಳು. ವಾರಿಜತ್ತಿಗೆಯ ಸ್ವಭಾವ ಅದು. ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ಅವರ ಫ್ಲ್ಯಾಟಿನಲ್ಲಿ ಗೋಡೆಯಾಚೆ ಒಬ್ಬ ಹೆಂಡತಿಗೆ ಹೊಡೆಯುತ್ತಿದ್ದಾಗಲೂ ಹೀಗೆಯೇ ಹೋಗಿ ಬಾಗಿಲು ಬಡಿದಿದ್ದಳು. "ಸತ್ತ ಮೇಲೂ ಪೆಟ್ಟು ತಿನ್ನಬೇಕಾ ಅವಳು?" ಅಂದಳು. ಕೆಮ್ಮಲಿಲ್ಲ, ತಟ್ಟಲಿಲ್ಲ. ಬಾಗಿಲು ಎಳೆದು ಒಳಗೆ ಹೋದಳು. ಅಣ್ಣ ಅವಳ ಹಿಂದೆಯೇ ಓಡಿದ.

ಟಕ್. ಬಾಗಿಲು ಹಾಕಿಕೊಂಡಿತು.

ನಾನು ಎಳೆದೆ, ಒದ್ದೆ. ತೆರೆಯಲಿಲ್ಲ. ಕಿಟಕಿಗೆ ಮುಖ ಒತ್ತಿ ನೋಡಿದೆ. ಆದದ್ದನ್ನು ಆದ ಹಾಗೆಯೇ ಹೇಳುತ್ತೇನೆ. ಒಳಗೆ ಇದ್ದದ್ದು ಇಬ್ಬರೇ. ಅಣ್ಣ, ಅತ್ತಿಗೆ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅಣ್ಣ ಅವಳ ಮೇಲೆ ಕೈ ಎತ್ತುವುದು ಬಿಡು, ಸ್ವರ ಎತ್ತಿದವನಲ್ಲ. ಅವನು ಅವಳ ಜುಟ್ಟು ಹಿಡಿದು ಮುಖವನ್ನು ಒಲೆಯ ಅಂಚಿಗೆ ಬಡಿಯುತ್ತಿದ್ದ. ರಕ್ತ ಹಾರಿ ಕಿಟಕಿಗೆ ಬಿತ್ತು, ನನ್ನ ಮುಖದ ಎದುರಿಗೇ. ಅವಳನ್ನು ಮೇಜಿನ ಮೇಲೆ ಕೆಡವಿದ. ಕೆಂಪು ಹಿಡಿಯ ಫೋರ್ಕ್ ಎತ್ತಿ ಅವಳ ಎಡಗೈಗೆ ಚುಚ್ಚಿದ. ಆಮೇಲೆ ಎರಡೂ ಕೈಯಿಂದ ಕುತ್ತಿಗೆ ಹಿಸುಕಿದ. ಅವನ ಕೈ ಹಿಸುಕುತ್ತಿತ್ತು, ಅವನ ಕಣ್ಣು ಅಳುತ್ತಿತ್ತು.

"ವಾರಿಜಾ, ಕೈ ನನ್ನದಲ್ಲ... ಕೈ ನನ್ನದಲ್ಲ..."

ನಾನು ಕಲ್ಲು ಹುಡುಕಿದೆ. ಹೊಯಿಗೆಯಲ್ಲಿ ಎಲ್ಲಿಯ ಕಲ್ಲು? ಕುರ್ಚಿಯಿಂದ ಗಾಜಿಗೆ ಬಡಿದೆ. ಒಡೆಯಲಿಲ್ಲ.

ಅತ್ತಿಗೆಯ ಮುಖ ಕಪ್ಪಾಗುತ್ತಾ ಬಂತು. ಬಲಗೈ ಮೇಜಿನ ಮೇಲೆ ತಡಕಾಡುತ್ತಿತ್ತು. ಚಾಕು ಹುಡುಕುತ್ತಿದ್ದಾಳೆ ಅಂದುಕೊಂಡೆ. ಅಲ್ಲ. ಎರಡು ಎಲೆಗಳಲ್ಲಿ ಒಂದು ಪೂರ್ತಿ ಖಾಲಿ, ಎಲುಬು ಮಾತ್ರ ಉಳಿದಿತ್ತು. ಇನ್ನೊಂದು ಬಡಿಸಿದ ಹಾಗೆಯೇ ಇತ್ತು, ಒಂದು ಅಗುಳು ಕದಲಿರಲಿಲ್ಲ. ಅವಳು ಆ ಖಾಲಿ ಎಲೆಯ ತುದಿ ಹಿಡಿದಳು. ಎಳೆದಳು. ಮಡಚಿದಳು. ಮೇಲೆ ಅಂಗೈ ಊರಿದಳು.

ಅಣ್ಣನ ಕೈ ಬಿಟ್ಟಿತು. ಬಾಗಿಲು ತನ್ನಷ್ಟಕ್ಕೆ ತೆರೆದು, ನನ್ನ ಭುಜಕ್ಕೆ ಏನೋ ಗುದ್ದಿಕೊಂಡು ಹೊರಗೆ ಹೋಯಿತು. ಮೂರು ದಿನ ಭುಜ ನೀಲಿಯಾಗಿತ್ತು. ಅದಕ್ಕೇ ನಾನು ಬಾಗಿಲಿಗೆ ಬೆನ್ನು ಹಾಕುವುದಿಲ್ಲ. ಎಲ್ಲ ಅಲ್ಲೇ ಬಿಟ್ಟು ಡಾಮರಿನವರೆಗೆ ಓಡಿದೆವು. ಅಣ್ಣ ಅವಳನ್ನು ಮುಟ್ಟಲು ಹೆದರಿದ. ಅವಳನ್ನು ಎತ್ತಿಕೊಂಡದ್ದು ನಾನು. ಆಸ್ಪತ್ರೆಯಲ್ಲಿ ಅವಳು, ಅಡಿಗೆ ಮಾಡುವಾಗ ಗಾಡಿ ಅಲುಗಾಡಿ ಬಿದ್ದೆ ಅಂದಳು. ಯಾರೂ ನಂಬಲಿಲ್ಲ. ನರ್ಸು ಅಣ್ಣನನ್ನು ನೋಡಿದ ನೋಟ ಇತ್ತಲ್ಲ, ಅವನು ಅದನ್ನು ಇವತ್ತಿಗೂ ಮರೆತಿಲ್ಲ. ಅವನಿಗೆ ಆದದ್ದು ಅನ್ಯಾಯ. ಈಗಲೂ ಅವನು ಕೈಗಳನ್ನು ದಿಂಬಿನ ಅಡಿಗೆ ಹಾಕಿ ಮಲಗುತ್ತಾನಂತೆ. ರಾತ್ರಿ ಎಚ್ಚರವಾದರೆ ಅತ್ತಿಗೆಯೇ ಆ ಕೈಯನ್ನು ಎಳೆದು ಹಿಡಿದುಕೊಳ್ಳುತ್ತಾಳಂತೆ.

ವ್ಯಾನನ್ನು ಒಳಗಿದ್ದ ಸಾಮಾನು ಸಮೇತ ಗುಜರಿಗೆ ಕೊಟ್ಟರು. ನನ್ನ ಕಣ್ಣೆದುರೇ ಅದನ್ನು ಯಂತ್ರಕ್ಕೆ ಹಾಕಿ ಚಪ್ಪಟೆ ಮಾಡಿದರು.

ಆದರೆ ಅತ್ತಿಗೆಗೆ ಒಂದೇ ಕೊರಗು. "ಅವಳು ಉಣ್ಣಲಿಲ್ಲ ಲತೇಶ. ನಾವೇ ಕರೆದದ್ದು. ಕರೆದು ಉಪವಾಸ ಕಳಿಸಿದೆವಲ್ಲ."

ಮರುವರ್ಷದಿಂದ ಎಲೆಕ್ಟ್ರಾ ಸ್ಟ್ರೀಟಿನ ಫ್ಲ್ಯಾಟಿನಲ್ಲಿ ಪರ್ಬಕ್ಕೆ ಮೂರು ಎಲೆ. ಎರಡಕ್ಕೆ ಹೆಸರು ಹಿಡಿದು ಕರೆಯುತ್ತಾರೆ. ಮೂರನೆಯದಕ್ಕೆ ಅತ್ತಿಗೆ, "ಅಂದು ಉಣ್ಣದೆ ಹೋದವಳೇ, ನೀನೊಬ್ಬಳೇ ಬಾ" ಅನ್ನುತ್ತಾಳೆ.

ಕಳೆದ ಪರ್ಬಕ್ಕೆ ನಾನೂ ಹೋಗಿದ್ದೆ. ಹೊರಗೆ ಕಾರಿಡಾರಿನಲ್ಲಿ ಕೂತೆವು. ಒಳಗಿನಿಂದ ಏನೂ ಕೇಳಲಿಲ್ಲ. ಲಿಫ್ಟಿನ ಸದ್ದು ಮಾತ್ರ. ಅತ್ತಿಗೆ ಕೆಮ್ಮಿದಳು, ಮೂರು ಸಲ ತಟ್ಟಿದಳು, ತೆರೆದಳು. ದೊಡ್ಡಪ್ಪ ದೊಡ್ಡಮ್ಮನ ಎಲೆ ಹಾಕಿದ ಹಾಗೆಯೇ ಇತ್ತು.

ಮೂರನೆಯದು ಖಾಲಿ. ಒರೆಸಿ, ನೀಟಾಗಿ ಮಡಚಿ ಇಟ್ಟಿತ್ತು. ಬಿಚ್ಚಿಕೊಳ್ಳದಿರಲಿ ಅಂತ ಮೇಲೆ ಭಾರಕ್ಕೆ ಒಂದು ಫೋರ್ಕ್. ಕೆಂಪು ಹಿಡಿಯದು.

ನಗುವುದಿಲ್ಲವಾ ಈಗ? ನಾಳೆ ಬೇಕಾದರೆ ಬಾ ನೌಶಾದ್, ಬಸ್ಸಿನಲ್ಲಿ ಅಬುಧಾಬಿಗೆ ಎರಡು ಗಂಟೆಯ ದಾರಿ. ಅತ್ತಿಗೆ ಆ ಫೋರ್ಕನ್ನು ಅಡಿಗೆ ಮನೆಯ ಡ್ರಾಯರಿನಲ್ಲೇ ಇಟ್ಟಿದ್ದಾಳೆ.