ಅಧ್ಯಕ್ಷ ಮಾವನ ಹೆಂಡತಿ

ನಗಬ್ಯಾಡ ರತ್ನಾ. ಅತ್ತಿ ಗಂಟು ಕಟ್ಟಿಕೊಂಡು ಅಂಗಳದಾಗ ಕುಂತಾಳಂದ್ರ ಸೊಸಿ ನಗೂದೇನು? ಜೈಲಿಗೇ ಹೊಂಟೀನಿ. ಎರಡು ಸೀರಿ, ಒಂದು ಕೌದಿ, ಬುದ್ಧ ಭಗವಾನರ ಸಣ್ಣ ಮೂರ್ತಿ. ಊದಿನಕಡ್ಡಿ ಒಳಗ ಬಿಡ್ತಾರೋ ಇಲ್ಲೋ... ನೀ ಪಂಚಾಯ್ತಿ ಅಧ್ಯಕ್ಷಿ ಇದ್ದಿ, ಸಾಹೇಬರಿಗೆ ಒಂದು ಮಾತು ಹೇಳು. ಹುಮನಾಬಾದಿಗೆ ಬ್ಯಾಡ, ಬಸವಕಲ್ಯಾಣದಾಗ ಇಡ್ರಿ ಅನ್ನು. ಅಲ್ಲಿ ನನ್ನ ತಂಗಿ ಜಿಜಾಬಾಯಿ ಅದಾಳ, ಬಿಸಿ ರೊಟ್ಟಿ ತಂದು ಕೊಡ್ತಾಳ.

ಯಾರು ಅಂದ್ರು ಅಂತ ಕೇಳ್ತಿ? ನೀನೇ ಅಂದಿ. ಮುಂಜಾನೆ ಬಿ.ಎ. ಪರೀಕ್ಷಾ ಅಂತ ಜೋರಾಗಿ ಓದಾಕತ್ತಿದ್ದಿ. ನಾ ಬುದ್ಧ ವಂದನಾ ಮುಗಿಸಿ ಏಳೂದ್ರಾಗ ಕಿವಿಗೆ ಬಿತ್ತು. 'ಅಧ್ಯಕ್ಷ ಮಾವೋ ತೀರಿಕೊಂಡ ತಿಂಗಳೊಳಗೆ ಅವರ ಹೆಂಡತಿಯನ್ನು ಬಂಧಿಸಲಾಯಿತು.' ಮಾವೋ ಅಂತ ಕೂಗಿದಂಗ ಅಂದಿ, ನನ್ನ ಕಣ್ಣಾಗ ನೀರು ಬಂತು. ಹೆಂಡ್ತೀನ ಹಿಡಿದ್ರು ಅಂದಿ, ನೀರು ಅಲ್ಲೇ ನಿಂತಿತು. ನಿನಗಿಂತ ಮೊದಲ, ಹಿಂದಿನ ಸಲ ಅಧ್ಯಕ್ಷ ಯಾರಿದ್ರು? ನಿಮ್ಮ ಮಾವ. ತೀರಿಕೊಂಡು ತಿಂಗಳು ತುಂಬಿಲ್ಲ. ಅವರ ಹೆಂಡತಿ ಈ ಶೇವಂತಾಬಾಯಿ ಬಿಟ್ರ ಮತ್ತ್ಯಾರದಾರ?

ನಾ ಏನು ತಪ್ಪು ಮಾಡೀನವ್ವಾ? ದಿನಾ ಪಂಚಶೀಲ ಹೇಳಾಕಿ. ಕದಿಯಂಗಿಲ್ಲ, ಸುಳ್ಳು ಆಡಂಗಿಲ್ಲ. ನಾಳೆ ನಿನ್ನ ಕುರ್ಚಿಯಿಂದ ಇಳಸಾಕ ಮಡೆಪ್ಪನ ಕಡ್ಯಾವರು ಸಭಾ ಕರದಾರ, ಒಂದೇ ಕೈ ಮ್ಯಾಲ ನಿಂತದ ಅಂತ ನೀ ಊಟ ಬಿಟ್ಟಿ. ನಾನೂ ಮೆಂಬರು. ನನ್ನ ಕೈ ನಿನ್ನ ಕಡೀಗೇ ಅಂತ ನಿನ್ನೆ ತಾಟಿಗೆ ಅನ್ನ ಹಾಕಿ ಹೇಳಿಲ್ಲೇನು?

ಏನಂದಿ? ಚೀನಾ? ಆ ದೇಶದ ಅಧ್ಯಕ್ಷನ ಹೆಸರೇ ಮಾವೋ? ಹಂಗಾದ್ರ ಅಲ್ಲಿ ಹೆಣ್ಮಕ್ಕಳೆಲ್ಲ ಸೊಸ್ತ್ಯಾರೇ ಆದಂಗಾತಲ್ಲ... ನಗು, ನಗು. ಮತ್ತ 'ಆಕಿ ಕೂಡಿ ನಾಲ್ವರ ಗುಂಪು, ನಾಲ್ವರೂ ಸಿಕ್ಕಿಬಿದ್ರು' ಅಂತ ಓದಿದ್ಯಲ್ಲ? ಅವರೂ ಚೀನಾದವರೇ?

ಬುದ್ಧಂ ಶರಣಂ. ತಡಿ, ಗಂಟು ಬಿಚ್ಚತೀನಿ. ಸುಮ್ನ ಹೆದರಿದ್ದೆ ನೋಡು. ಮಡೆಪ್ಪ ಮೆಂಬರನ ಮನ್ಯಾಗ ಬಾಗಿಲ ಹಾಕ್ಕೊಂಡು ಚಾ ಕುಡದ್ವಲ್ಲ ನಾಲ್ಕು ಮಂದಿ, ಅದು ನಿನಗ ಗೊತ್ತಾತು ಅನ್ಕೊಂಡಿದ್ದೆ.

ಯಾಕ, ನಗು ನಿಂತಿತು?

ವಿಹಾರದ ಕಮಾನಿಗೆ ನಿಮ್ಮ ಮಾವನ ಹೆಸರು ಬರಸ್ತೀನಿ ಅಂದ ಮಡೆಪ್ಪ, ಅಷ್ಟೇ. ನಿನ್ನ ವಿರುದ್ಧ ಕೈ ಎತ್ತತೀನಿ ಅಂತ ನಾ ಬಾಯಿ ಬಿಟ್ಟು ಅಂದಿಲ್ಲ. ಬಾಯಿಲೇ ಅಂದ್ರ ಶೀಲ ಮುರೀತದಲ್ಲ. ತಲಿ... ತಲಿ ಒಂದೀಟು ಆಡಿಸಿರಬೇಕು.

ರತ್ನಾ.

ಆ ಚೀನಾದಾಕೀನ ಹಿಡಿಯಾಕ ಬಂದವರು ಏನರೆ ಮಾತಾಡಿದ್ರೋ, ಇಲ್ಲಾ, ಹಿಂಗೇ ನೋಡಿಕೋತ ನಿಂತಿದ್ರೋ?